‘ಇತ್ತ ನಾವೆಲ್ಲ ಕ್ಷೇಮ’: ಯುದ್ಧಕ್ಕೆ ಹೋದ ಸಿಪಾಯಿಯ ಕಾಗದಗಳು

ಮೀನಾ ಸಲ್ಮಾನ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕ್ರೇನುಗಳು, ಗೋದಾಮುಗಳು, ವರ್ಕ್‌ಶಾಪುಗಳು ಮತ್ತು ಬೆಳಕು ಹರಿಯುವ ಮುನ್ನವೇ ಕೆಲಸಗಾರರನ್ನು ತುಂಬಿಕೊಂಡು ಬರುವ ಬಸ್ಸುಗಳು. 1962ರಲ್ಲಿ ಆರಂಭವಾದ ಈ ಬಂದರು ಹಲವು ದಶಕಗಳ ಕಾಲ ಬಹರೈನಿನ ಹೆಬ್ಬಾಗಿಲಾಗಿತ್ತು. ನಾವು ಉಂಡ ಅಕ್ಕಿ, ಬೇಳೆ, ಈರುಳ್ಳಿ ಬಹುಪಾಲು ಇಲ್ಲೇ ಬಂದಿಳಿದದ್ದು. 2009ರಲ್ಲಿ ಸರಕು ಸಾಗಣೆ ಹಿದ್ದ್‌ನ ಖಲೀಫಾ ಬಿನ್ ಸಲ್ಮಾನ್ ಬಂದರಿಗೆ ಹೋಯಿತು. ಮೀನಾ ಸಲ್ಮಾನ್ ಹೆಚ್ಚಾಗಿ ನೌಕಾಪಡೆಯ ಹಡಗುಗಳ ತಾಣವಾಯಿತು. ಯುದ್ಧನೌಕೆಗಳನ್ನು ಕಂಡರೆ ನಮ್ಮ ಮಕ್ಕಳು ಫೋಟೋ ತೆಗೆಯಲು ಹೊರಡುತ್ತಾರೆ, ನಾವು ಗದರಿಸಿ ಕೂರಿಸುತ್ತೇವೆ.

ಆದರೆ ಈ ಧಕ್ಕೆ ಕಟ್ಟುವುದಕ್ಕೆ ಸುಮಾರು ಅರ್ಧ ಶತಮಾನ ಮೊದಲೇ ಬಹರೈನಿನ ಕಡಲಿಗೆ ನಮ್ಮ ದೇಶದ ಸಿಪಾಯಿಗಳು ಬಂದಿದ್ದರೆಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. 1914ರ ಅಕ್ಟೋಬರ್ 16ರಂದು ಮುಂಬಯಿಯಿಂದ ಹೊರಟ ಹಡಗುಗಳ ಒಂದು ತಂಡ ಅಕ್ಟೋಬರ್ 23ರಂದು ಬಹರೈನ್ ತಲುಪಿತು. ಅದರಲ್ಲಿದ್ದದ್ದು ಬ್ರಿಗೇಡಿಯರ್ ಜನರಲ್ ಡೆಲಮೇನ್ ಎಂಬವರ ಕೈಕೆಳಗಿನ 16ನೇ ಬ್ರಿಗೇಡ್: ಒಂದು ಇಂಗ್ಲಿಷ್ ಪಲ್ಟನ್, ಮೂರು ಭಾರತೀಯ ಪಲ್ಟನ್‌ಗಳು, ಜೊತೆಗೆ ಫಿರಂಗಿ ದಳ, ಹೇಸರಗತ್ತೆಗಳು, ಅಡುಗೆಯವರು, ನೀರು ಹೊರುವವರು. ಮೊದಲ ಮಹಾಯುದ್ಧ ಆರಂಭವಾಗಿತ್ತಾದರೂ ತುರ್ಕಿಯ ಮೇಲೆ ಇನ್ನೂ ಯುದ್ಧ ಘೋಷಣೆಯಾಗಿರಲಿಲ್ಲ. ಹೀಗಾಗಿ ದಡಕ್ಕೆ ಇಳಿಯಲು ಅಪ್ಪಣೆಯಿಲ್ಲದೆ ಅವರೆಲ್ಲ ಹತ್ತು ದಿನ ಹಡಗಿನಲ್ಲೇ ಕಾದರು. ನವೆಂಬರ್ 2ರಂದು ಲಂಗರು ಎತ್ತಿ ಉತ್ತರಕ್ಕೆ ಹೊರಟು, 6ರಂದು ಈಗಿನ ಇರಾಕಿನ ಫಾವ್‌ನಲ್ಲಿ ಇಳಿದರು. ಅದೇ ತಿಂಗಳು ಬಸ್ರಾ ಅವರ ಕೈಸೇರಿತು. ಮುಂದೆ ಮೆಸೊಪೊಟೇಮಿಯಾದ ಯುದ್ಧ ಎಂದು ಪುಸ್ತಕಗಳಲ್ಲಿ ಬರೆಯಲಾದ ದೊಡ್ಡ ಕಥೆಯ ಮೊದಲ ಪುಟ ಬಹರೈನಿನ ನೀರಿನ ಮೇಲೆ ಬರೆದದ್ದು ಎನ್ನಬಹುದು.

ಆ ಮೂರು ಭಾರತೀಯ ಪಲ್ಟನ್‌ಗಳಲ್ಲಿ ಒಂದು 117ನೇ ಮರಾಠಾ. ಬೆಳಗಾವಿ ಕಡೆಯ ಓದುಗರಿಗೆ ಈ ಹೆಸರು ಕೇಳುತ್ತಲೇ ಕಿವಿ ನೆಟ್ಟಗಾಗಬೇಕು. ಯುದ್ಧ ಮುಗಿದ ಮೇಲೆ, 1922ರ ಪುನರ್‌ರಚನೆಯಲ್ಲಿ ಮರಾಠಾ ಪಲ್ಟನ್‌ಗಳೆಲ್ಲ ಒಂದೇ ರೆಜಿಮೆಂಟಿನ ಕೆಳಗೆ ಸೇರಿದವು. ಇಂದಿನ ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದು ಬೆಳಗಾವಿಯಲ್ಲೇ. ತಲೆಮಾರುಗಳಿಂದ ಆ ಸೀಮೆಯ ಹಳ್ಳಿಗಳಲ್ಲಿ ‘ಮಿಲಿಟರಿಗೆ ಹೋಗುವುದು’ ಎಂದರೆ ಹೊಲಕ್ಕೆ ಹೋಗುವಷ್ಟೇ ಸಹಜವಾದ ಮಾತು. ಹಳೆಯ ಮೈಸೂರಿನ ಕಡೆಯಿಂದಲೂ ಸೈನಿಕರು ಹೋದರು. ಮೈಸೂರು ಸಂಸ್ಥಾನದ ಅಶ್ವದಳ, ಅಂದರೆ ಮೈಸೂರು ಲ್ಯಾನ್ಸರ್ಸ್, ಸೂಯೆಜ್ ಕಾಲುವೆಯ ಕಾವಲಿನಿಂದ ಹಿಡಿದು 1918ರ ಸೆಪ್ಟೆಂಬರ್ 23ರ ಹೈಫಾ ಕಾಳಗದವರೆಗೆ ಹೋರಾಡಿದ ಸಂಗತಿಯನ್ನು ನಾವು ಶಾಲೆಯಲ್ಲಿ ಅಲ್ಲದಿದ್ದರೂ ಪತ್ರಿಕೆಗಳಲ್ಲಿ ಓದಿದ್ದೇವೆ. ದೆಹಲಿಯ ತೀನ್‌ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಅಶ್ವದಳಗಳ ನೆನಪಿನವು.

ಪ್ರತಿಮೆಗಳ ವಿಷಯ ಇಲ್ಲಿಗೆ ಸಾಕು. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಕಲ್ಲಿನ ಬಗ್ಗೆ ಅಲ್ಲ, ಕಾಗದದ ಬಗ್ಗೆ. ಹಡಗಿನ ಅಟ್ಟದ ಮೇಲೆ ಕುಳಿತ ಸಾಮಾನ್ಯ ಸಿಪಾಯಿ ಊರಿನ ತಂದೆತಾಯಿಗೆ, ಮಡದಿಗೆ ಏನು ಬರೆದ? ಏನನ್ನು ಬರೆಯಲಿಲ್ಲ? ಆ ಕಾಗದಗಳು ಈಗ ಎಲ್ಲಿವೆ?

ಊರಿನ ಹೆಸರಿಲ್ಲದ ವಿಳಾಸ

ಕಾಗದ ಹೋಗುತ್ತಿದ್ದ ದಾರಿಯನ್ನು ಮೊದಲು ನೋಡೋಣ. ಬಹರೈನಿನಲ್ಲಿ ಮೊದಲ ಅಂಚೆ ಕಚೇರಿ ತೆರೆದದ್ದು ಭಾರತದ ಅಂಚೆ ಇಲಾಖೆಯೇ, 1884ರಲ್ಲಿ, ಮನಾಮಾದಲ್ಲಿ. ಭಾರತದ ಅಂಚೆ ಚೀಟಿಗಳೇ ಇಲ್ಲಿ ನಡೆಯುತ್ತಿದ್ದವು. 1933ರಿಂದ ಅವುಗಳ ಮೇಲೆ ‘ಬಹರೈನ್’ ಎಂದು ಮುದ್ರೆಯೊತ್ತಿ ಮಾರತೊಡಗಿದರು. 1965ರಲ್ಲಿ ದಿನಾರ್ ಬರುವ ತನಕ ಇಲ್ಲಿನ ಅಂಗಡಿಗಳಲ್ಲಿ ರೂಪಾಯಿಯೇ ಓಡುತ್ತಿತ್ತು ಎಂಬುದನ್ನು ಇಲ್ಲಿನ ಹಳಬರು ಬಲ್ಲರು.

ಸೈನ್ಯದ ಅಂಚೆ ಮಾತ್ರ ಬೇರೆ. 1914ರಲ್ಲಿ ಕಡಲಾಚೆ ಹೋದ ಭಾರತೀಯ ಸೈನ್ಯಕ್ಕೆಂದೇ ಜಾರ್ಜ್ ದೊರೆಯ ಚಿತ್ರವಿದ್ದ ಅಂಚೆ ಚೀಟಿಗಳ ಮೇಲೆ ‘ಐ.ಇ.ಎಫ್.’ ಎಂಬ ಮೂರು ಅಕ್ಷರ ಒತ್ತಿದರು. ಸೈನ್ಯಗಳಿಗೆ ಅಕ್ಷರಗಳ ಗುರುತು: ಫ್ರಾನ್ಸಿಗೆ ಹೋದದ್ದು ‘ಎ’, ಪೂರ್ವ ಆಫ್ರಿಕಾಕ್ಕೆ ಹೋದವು ‘ಬಿ’ ಮತ್ತು ‘ಸಿ’, ಮೆಸೊಪೊಟೇಮಿಯಾಕ್ಕೆ ಬಂದದ್ದು ‘ಡಿ’, ಈಜಿಪ್ಟಿಗೆ ಹೋದದ್ದು ‘ಇ’. ಮನೆಯವರು ಬರೆಯಬೇಕಾದ ವಿಳಾಸದಲ್ಲಿ ಸಿಪಾಯಿಯ ಹೆಸರು, ಅವನ ನಂಬರು, ಪಲ್ಟನ್ನಿನ ಹೆಸರು, ‘ಫೋರ್ಸ್ ಡಿ’. ಅಷ್ಟೆ. ಯಾವ ಊರು, ಯಾವ ದೇಶ ಎಂಬುದು ವಿಳಾಸದಲ್ಲಿ ಇರಕೂಡದು, ಕಾಗದದೊಳಗೂ ಬರಕೂಡದು. ಮಗ ಎಲ್ಲಿದ್ದಾನೆ ಎಂದು ಯಾರಾದರೂ ಕೇಳಿದರೆ ತಾಯಿ ‘ಕಡಲಾಚೆ’ ಎನ್ನಬೇಕು.

ಈ ಕ್ರಮ ಮುಂದೆಯೂ ಉಳಿಯಿತು. 1962, 1965, 1971ರ ಯುದ್ಧಕಾಲದಲ್ಲಾಗಲಿ, 1999ರ ಕಾರ್ಗಿಲ್ ದಿನಗಳಲ್ಲಾಗಲಿ, ನಮ್ಮ ಕೊಡಗು, ಬೆಳಗಾವಿ, ಹಾಸನದ ಮನೆಗಳಿಗೆ ಬಂದ ಇನ್‌ಲ್ಯಾಂಡ್ ಕಾಗದಗಳ ಬೆನ್ನಿಗೆ ‘ಕೇರಾಫ್ 56 ಎ.ಪಿ.ಒ.’ ಎಂದೋ ‘99 ಎ.ಪಿ.ಒ.’ ಎಂದೋ ಇರುತ್ತಿತ್ತೇ ಹೊರತು ಲಡಾಖ್ ಎಂದಾಗಲಿ ತವಾಂಗ್ ಎಂದಾಗಲಿ ಇರುತ್ತಿರಲಿಲ್ಲ.

ಇನ್ನು ಬರೆಯುವವರು ಯಾರು? 1911ರ ಜನಗಣತಿಯ ಕಾಲಕ್ಕೆ ಭಾರತದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಸಿಪಾಯಿ ಹೇಳುತ್ತಿದ್ದ, ಪಲ್ಟನ್ನಿನಲ್ಲಿ ಓದುಬರಹ ಬಲ್ಲ ಜೊತೆಗಾರನೊಬ್ಬ ಬರೆಯುತ್ತಿದ್ದ. ಊರಿನಲ್ಲಿ ಅಂಚೆಯವನೋ ಶಾಲೆಯ ಮಾಸ್ತರರೋ ಶಾನುಭೋಗರೋ ಜಗಲಿಯ ಮೇಲೆ ಕುಳಿತು ಗಟ್ಟಿಯಾಗಿ ಓದುತ್ತಿದ್ದರು, ಸುತ್ತ ಅರ್ಧ ಕೇರಿ ಸೇರುತ್ತಿತ್ತು. ಗಂಡ ಹೆಂಡತಿಗೆ ಹೇಳಬೇಕಾದ ಮಾತು ನಾಲ್ಕು ಜನರ ಬಾಯಿ ಕಿವಿಗಳನ್ನು ದಾಟಿ ಬರಬೇಕಿತ್ತು. ಅಂಥ ಕಾಗದದಲ್ಲಿ ಪ್ರೀತಿಯ ಮಾತಿಲ್ಲ ಎಂದು ಇಂದಿನ ನಾವು ಆಡಿಕೊಳ್ಳುವಂತಿಲ್ಲ. ‘ಎಮ್ಮೆ ಕರು ಹಾಕಿತೇ?’ ಎಂಬ ಪ್ರಶ್ನೆಯಲ್ಲೇ ಅದನ್ನು ಹುಡುಕಿಕೊಳ್ಳಬೇಕು.

ಕರಿಮೆಣಸು, ಕೆಂಪು ಮೆಣಸು

ಈ ನಾಲ್ಕು ಜನರ ಜೊತೆಗೆ ಐದನೆಯವನೊಬ್ಬನಿದ್ದ. ಅವನೇ ಸೆನ್ಸಾರ್ ಅಧಿಕಾರಿ. ಫ್ರಾನ್ಸಿನಲ್ಲಿದ್ದ ಭಾರತೀಯ ಸೈನಿಕರ ಕಾಗದಗಳನ್ನು ಓದಲೆಂದೇ 1914ರ ಕೊನೆಯಲ್ಲಿ ಅಲ್ಲೊಂದು ಕಚೇರಿ ಏರ್ಪಟ್ಟಿತು. ಹಾವೆಲ್ ಎಂಬ ಅಧಿಕಾರಿ ಅದರ ಮುಖ್ಯಸ್ಥ. ಬ್ರಿಟಿಷರ ವಿರುದ್ಧದ ಬರಹ ಸೈನಿಕರ ಕೈಸೇರದಂತೆ ತಡೆಯುವುದು ಮೊದಲ ಉದ್ದೇಶ. ಬರಬರುತ್ತಾ ಸಿಪಾಯಿಯ ಮನಸ್ಸಿನಲ್ಲಿ ಏನಿದೆ ಎಂದು ಸರಕಾರಕ್ಕೆ ವರದಿ ಮಾಡುವುದೇ ದೊಡ್ಡ ಕೆಲಸವಾಯಿತು. ಆರಿಸಿದ ಕಾಗದಗಳಿಂದ ತುಣುಕುಗಳನ್ನು ಇಂಗ್ಲಿಷಿಗೆ ಅನುವಾದಿಸಿ ವರದಿಗೆ ಸೇರಿಸುತ್ತಿದ್ದರು. ಆ ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂದಿಗೂ ಇವೆ. 1999ರಲ್ಲಿ ಡೇವಿಡ್ ಒಮಿಸಿ ಎಂಬ ಇತಿಹಾಸಕಾರರು ಅವುಗಳಿಂದ ಆರಿಸಿ ಪುಸ್ತಕ ಮಾಡಿದ ಮೇಲೆ ಸಾಮಾನ್ಯ ಓದುಗರಿಗೂ ಅವು ದೊರೆತವು.

ಸೆನ್ಸಾರಿನ ಕಣ್ಣಿದೆ ಎಂದು ಸಿಪಾಯಿಗೆ ಗೊತ್ತಿತ್ತು. ಆದ್ದರಿಂದ ಅವನು ಒಗಟಿನಲ್ಲಿ ಬರೆಯುವುದನ್ನು ಕಲಿತ. ಕರಿಮೆಣಸು ತೀರುತ್ತಾ ಬಂತು, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ ಎಂಬ ಅರ್ಥದ ಮಾತು ಬರೆದರೆ ಅದು ಅಡುಗೆಮನೆಯ ಸುದ್ದಿಯಲ್ಲ. ಕರಿಮೆಣಸು ಎಂದರೆ ಭಾರತೀಯ ಸಿಪಾಯಿಗಳು, ಕೆಂಪು ಮೆಣಸು ಎಂದರೆ ಬಿಳಿಯರು. ನಮ್ಮವರು ಬಹಳ ಮಂದಿ ಸತ್ತರು ಎಂಬುದು ತಾತ್ಪರ್ಯ. (ಸೆನ್ಸಾರಿನವರಿಗೂ ಇದು ಬೇಗ ತಿಳಿದುಹೋಯಿತು. ಅದಕ್ಕೇ ನಮಗೂ ತಿಳಿದಿದೆ.) ಹಲವರು ಯುದ್ಧವನ್ನು ಮಹಾಭಾರತಕ್ಕೆ ಹೋಲಿಸಿದರು. ತಮ್ಮನನ್ನು ಸೈನ್ಯಕ್ಕೆ ಕಳುಹಿಸಬೇಡಿ ಎಂದು ಮನೆಯವರನ್ನು ಬೇಡಿಕೊಂಡವರೂ ಇದ್ದರು. ಸರಕಾರದ ಕಣ್ಣಿಗೆ ಅದು ಅಪಾಯದ ಮಾತು, ಅಣ್ಣನಿಗೆ ಅದೊಂದೇ ಹೇಳಲೇಬೇಕಾದ ಮಾತು.

ಈ ಸಂಗ್ರಹದ ಎರಡು ಕೊರತೆಗಳನ್ನು ನಾವು ಗಮನಿಸಬೇಕು. ಒಂದು, ಉಳಿದಿರುವುದು ಇಂಗ್ಲಿಷ್ ಅನುವಾದದ ತುಣುಕು ಮಾತ್ರ. ಸಿಪಾಯಿಯ ಸ್ವಂತ ಮಾತಿನ ಮೂಲ ಕಾಗದ ತಡೆಯಾಗದಿದ್ದರೆ ಊರಿಗೆ ಹೋಯಿತು. ಎರಡು, ಅಂದಿನ ಸೈನ್ಯದ ದೊಡ್ಡ ಪಾಲು ಪಂಜಾಬಿನದಾದ್ದರಿಂದ ಹೆಚ್ಚಿನ ಕಾಗದಗಳು ಉರ್ದು, ಗುರುಮುಖಿ, ಹಿಂದಿಯವು. ಬೆಳಗಾವಿ, ಧಾರವಾಡ, ಮೈಸೂರು ಸೀಮೆಯ ಸಿಪಾಯಿಯ ಧ್ವನಿಯನ್ನು ಲಂಡನ್ನಿಗೆ ಹೋಗಿ ಹುಡುಕಿ ಪ್ರಯೋಜನವಿಲ್ಲ. ಅದು ಇದ್ದರೆ ನಮ್ಮ ನಮ್ಮ ಊರಿನ ಮನೆಗಳ ಟ್ರಂಕಿನಲ್ಲೇ ಇರಬೇಕು.

ಬೂಟಿನೊಳಗೆ ಉಳಿದ ದಿನಚರಿ

ಕಾಗದ ಹೇಳದ್ದನ್ನು ದಿನಚರಿ ಹೇಳುತ್ತದೆ. ಬಹರೈನಿನಲ್ಲಿ ಕಾದಿದ್ದ ಪಲ್ಟನ್‌ಗಳು ಒಂದು ವರ್ಷದಲ್ಲಿ ಬಾಗ್ದಾದಿನ ಹತ್ತಿರದವರೆಗೆ ಹೋದವು. 1915ರ ನವೆಂಬರಿನಲ್ಲಿ ಟೆಸಿಫಾನ್ ಎಂಬಲ್ಲಿ ಭಾರೀ ನಷ್ಟ ಅನುಭವಿಸಿ ಹಿಂದೆ ಸರಿದು ಕುಟ್ ಎಂಬ ಪಟ್ಟಣ ಸೇರಿದವು. ಡಿಸೆಂಬರ್ 7ರಿಂದ ತುರ್ಕಿ ಸೈನ್ಯ ಆ ಪಟ್ಟಣವನ್ನು ಸುತ್ತುವರಿಯಿತು. 117ನೇ ಮರಾಠಾ ಪಲ್ಟನ್ ಕೂಡ ಒಳಗೇ ಸಿಕ್ಕಿಬಿದ್ದಿತ್ತು; ಜೊತೆಗೆ 103 ಮತ್ತು 110ನೇ ಮರಾಠಾ ಪಲ್ಟನ್‌ಗಳೂ ಇದ್ದವು.

ಮುತ್ತಿಗೆ ನೂರನಲವತ್ತಕ್ಕೂ ಹೆಚ್ಚು ದಿನ ನಡೆಯಿತು. ರೇಷನ್ ಇಳಿಯುತ್ತಾ ಹೋಯಿತು. ಕೊನೆಗೆ ಕುದುರೆ, ಹೇಸರಗತ್ತೆಗಳನ್ನು ಕಡಿದು ಮಾಂಸ ಹಂಚಿದರು. ಭಾರತೀಯ ಸಿಪಾಯಿಗಳಲ್ಲಿ ಬಹಳಷ್ಟು ಮಂದಿ ಅದನ್ನು ಮುಟ್ಟಲು ಒಪ್ಪಲಿಲ್ಲ. ಧರ್ಮದ ಕಟ್ಟುಪಾಡು ಒಂದು ಕಡೆ. ಊರಿಗೆ ಮರಳಿದ ಮೇಲೆ ಜಾತಿಯವರು ಏನೆಂದಾರು, ನಾಳೆ ಮನೆಗೆ ಹೆಣ್ಣು ಕೊಡುವವರಿರುತ್ತಾರೆಯೇ ಎಂಬ ಚಿಂತೆ ಇನ್ನೊಂದು ಕಡೆ. ಭಾರತದ ಧರ್ಮಗುರುಗಳಿಂದ ಅನುಮತಿಯ ತಂತಿ ತರಿಸಿ ತೋರಿಸಿದರೂ ಹಲವರು ಹಸಿವನ್ನೇ ಆರಿಸಿಕೊಂಡರು. ಸಾವು ಎದುರಿಗೆ ನಿಂತಿರುವಾಗಲೂ ಮನಸ್ಸು ನೆನೆಯುವುದು ಊರಿನ ನಾಲ್ಕು ಮಂದಿಯ ಮಾತನ್ನು! ಇದನ್ನು ಓದುವಾಗ ನಗುವುದೋ ಅಳುವುದೋ ತಿಳಿಯುವುದಿಲ್ಲ. ಆ ತಿಂಗಳುಗಳಲ್ಲಿ ಅಂಚೆಯೂ ಇರಲಿಲ್ಲ. 1916ರ ಏಪ್ರಿಲ್ 29ರಂದು ಸೈನ್ಯ ಶರಣಾಯಿತು. ಸುಮಾರು 13,000 ಮಂದಿ ಸೆರೆಯಾದರು, ಅವರಲ್ಲಿ ಬಹುಪಾಲು ಭಾರತೀಯರು. ಅಲ್ಲಿಂದ ಮರುಭೂಮಿಯಲ್ಲಿ ನೂರಾರು ಮೈಲಿ ನಡೆಸಿ ರೈಲು ಹಾದಿ ಹಾಕುವ ಕೆಲಸಕ್ಕೆ ಕರೆದೊಯ್ದರು. ದಾರಿಯಲ್ಲೂ ಶಿಬಿರಗಳಲ್ಲೂ ಸತ್ತವರು ಸಾವಿರಾರು.

ಈ ನರಕವನ್ನು ಒಳಗಿನಿಂದ ಬರೆದಿಟ್ಟವರಲ್ಲಿ ಶಿಶಿರ್ ಸರ್ವಾಧಿಕಾರಿ ಎಂಬ ಬಂಗಾಳಿ ತರುಣನೊಬ್ಬ. ಬಂಗಾಳ ಆಂಬ್ಯುಲೆನ್ಸ್ ದಳದಲ್ಲಿ ಸಾಮಾನ್ಯ ಸಿಪಾಯಿಯ ದರ್ಜೆಯವನು, ಗಾಯಾಳುಗಳನ್ನು ಹೊತ್ತು ತರುವುದು ಕೆಲಸ. ಸೆರೆಯಾದಾಗ ದಿನಚರಿಯ ಹಾಳೆಗಳನ್ನು ಹರಿದು ಬೂಟಿನೊಳಗೆ ಅಡಗಿಸಿಕೊಂಡು ನಡೆದ. ಆಮೇಲೆ ಆ ತುಣುಕುಗಳಿಂದ ಮತ್ತೆ ಬರೆದುಕೊಂಡ. ಆಸ್ಪತ್ರೆಗಳಲ್ಲಿ ಕೆಲಸ ಮಾಡುವಾಗ ತುರ್ಕಿಯ ಸಾಮಾನ್ಯ ಸಿಪಾಯಿಗಳ ಜೊತೆ ಮನೆಮಠದ ಮಾತಾಡಿದ್ದನ್ನೂ, ಅರ್ಮೇನಿಯನ್ನರ ದುರಂತವನ್ನೂ ದಾಖಲಿಸಿದ. 1950ರ ದಶಕದ ಕೊನೆಯಲ್ಲಿ ಅದು ‘ಅಭಿ ಲೇ ಬಾಗ್ದಾದ್’ ಎಂಬ ಬಂಗಾಳಿ ಪುಸ್ತಕವಾಗಿ ಹೊರಬಂತು. ಇದೇ ಯುದ್ಧದಲ್ಲಿ ಸೆರೆಯಾಗಿ 1917ರಲ್ಲಿ ತೀರಿಕೊಂಡ ಕಲ್ಯಾಣ್ ಮುಖರ್ಜಿ ಎಂಬ ವೈದ್ಯರ ಕಾಗದಗಳನ್ನು ಅವರ ಅಜ್ಜಿ ಮೋಕ್ಷದಾ ದೇವಿ ಇಳಿವಯಸ್ಸಿನಲ್ಲಿ ಕೂಡಿಸಿ, 1928ರಲ್ಲಿ ‘ಕಲ್ಯಾಣ ಪ್ರದೀಪ’ ಎಂಬ ಪುಸ್ತಕ ಮಾಡಿದರು. ವೈದ್ಯರು ಅಧಿಕಾರಿಯ ದರ್ಜೆಯವರು, ನಿಜ. ಆದರೆ ಮೊಮ್ಮಗನ ಕಾಗದಗಳನ್ನು ಕಾಪಾಡಿದ್ದು ಯಾವ ಸರಕಾರವೂ ಅಲ್ಲ, ಮನೆಯ ಹಿರಿಯ ಹೆಣ್ಣುಮಗಳು.

ಸರಕಾರ ಕಾಪಾಡಿದ್ದು ಹೇಗೆಂದು ನೋಡಬೇಕಾದರೆ ಬಸ್ರಾಕ್ಕೆ ಹೋಗಬೇಕು. ಮೆಸೊಪೊಟೇಮಿಯಾದಲ್ಲಿ ಸತ್ತು ಸಮಾಧಿ ಸಿಗದ 40,000ಕ್ಕೂ ಹೆಚ್ಚು ಮಂದಿಯ ಸ್ಮಾರಕವನ್ನು ಅಲ್ಲಿ 1929ರಲ್ಲಿ ಅನಾವರಣ ಮಾಡಿದರು. ಬ್ರಿಟಿಷ್ ಸೈನಿಕರ ಹೆಸರುಗಳನ್ನೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನೂ ಕೆತ್ತಿದರು. ಭಾರತೀಯ ಸಾಮಾನ್ಯ ಸಿಪಾಯಿಗಳನ್ನು ಮಾತ್ರ ಪಲ್ಟನ್ನಿನ ಹೆಸರಿನ ಕೆಳಗೆ ‘ಮತ್ತು ಇಷ್ಟು ಮಂದಿ’ ಎಂದು ಲೆಕ್ಕದಲ್ಲಿ ಮುಗಿಸಿದರು. ಫ್ರಾನ್ಸಿನ ನವ್ ಶಪೆಲ್ ಸ್ಮಾರಕದಲ್ಲಿ ಭಾರತೀಯ ಸಿಪಾಯಿಗಳ ಹೆಸರುಗಳಿವೆ, ಬಸ್ರಾದಲ್ಲಿ ಇಲ್ಲ. ಯುರೋಪಿನವರ ಕಣ್ಣಿಗೆ ಬೀಳುವ ಕಡೆ ಒಂದು ನ್ಯಾಯ, ಇಲ್ಲಿ ಇನ್ನೊಂದು ಎಂದು ನಾವು ಹೇಳಿದರೆ ತಪ್ಪಾಗಲಾರದು. ಈ ತಾರತಮ್ಯವನ್ನು ಯುದ್ಧ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವೇ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ಹಲವು ಹಳ್ಳಿಗಳಲ್ಲಿ ನೆಟ್ಟ ಕಲ್ಲುಗಳ ಮೇಲೂ ಹೀಗೆಯೇ: ಈ ಊರಿನಿಂದ ಇಷ್ಟು ಮಂದಿ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣ ಕೊಟ್ಟರು ಎಂಬ ಲೆಕ್ಕ, ಹೆಸರಿಲ್ಲ. ಕಲ್ಲಿನಲ್ಲಿ ಸಿಗದ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಇರುವುದು ಲಕೋಟೆಯ ಮೇಲೆ.

ನಮ್ಮ ಟ್ರಂಕುಗಳಲ್ಲಿ

‘ತೀರ್ಥರೂಪರ ಚರಣಾರವಿಂದಗಳಿಗೆ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರಬೇಕು.’ ಇಂಥ ಒಕ್ಕಣೆಯನ್ನು ನಾವೂ ಬರೆದವರೇ. ಕೊಲ್ಲಿಯ ಕಡೆ ಬಂದ ಮೊದಲ ತಲೆಮಾರಿನವರು ಪಿ.ಒ. ಬಾಕ್ಸ್ ನಂಬರನ್ನೇ ಮನೆಯ ವಿಳಾಸ ಮಾಡಿಕೊಂಡು, ಊರಿಗೆ ಹೋಗುವವರ ಕೈಯಲ್ಲಿ ಕಾಗದವನ್ನೂ ಧ್ವನಿ ತುಂಬಿದ ಕ್ಯಾಸೆಟ್ಟನ್ನೂ ಕಳುಹಿಸುತ್ತಿದ್ದರು. ಯುದ್ಧಕ್ಕೆ ಹೋದ ಸಿಪಾಯಿಗೂ ಸಂಬಳಕ್ಕೆ ಬಂದ ನಮಗೂ ಹೋಲಿಕೆ ಅತಿಯಾಯಿತು ಎನ್ನಬಹುದು. ಕಾಗದದ ಮಟ್ಟಿಗೆ ಅದು ಅತಿಯಲ್ಲ. ಜೂನ್ ತಿಂಗಳ ಬಿಸಿಲಿನ ಬಗ್ಗೆ, ಒಂದೇ ಕೋಣೆಯ ಎಂಟು ಮಂಚಗಳ ಬಗ್ಗೆ ಯಾರೂ ತಾಯಿಗೆ ಬರೆಯಲಿಲ್ಲ. 1991ರ ಆರಂಭದಲ್ಲಿ ಕುವೈತ್ ಯುದ್ಧದ ಸೈರನ್ ಇಲ್ಲಿ ಕೂಗುತ್ತಿದ್ದಾಗಲೂ ಊರಿಗೆ ಹೋದ ಸುದ್ದಿ ಒಂದೇ: ಇತ್ತ ನಾವೆಲ್ಲ ಕ್ಷೇಮ.

ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಈ ಸಲ ರಜೆಗೆ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕು ತೆರೆದು ನೋಡಿ. ಅಜ್ಜನದೋ ದೊಡ್ಡಪ್ಪನದೋ ಸೈನ್ಯದ ಕಾಗದ ಸಿಕ್ಕರೆ ಅದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಕೆಲವೇ ವರ್ಷಗಳಲ್ಲಿ ಅದು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಅಂದವಾಗಿ ಕಾಣುತ್ತದೆಂದು ಹಲವರು ಮಾಡಿಸುತ್ತಾರೆ, ಆಮೇಲೆ ಕಾಗದವನ್ನು ಬಿಡಿಸಿಕೊಳ್ಳುವ ದಾರಿಯೇ ಇಲ್ಲ. ತುಕ್ಕು ಹಿಡಿದ ಗುಂಡುಪಿನ್ನುಗಳನ್ನು ಮೆಲ್ಲನೆ ತೆಗೆಯಿರಿ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ತೇವವೇ ದೊಡ್ಡ ಶತ್ರು, ಗೋಡೆಗೆ ತಾಗದಂತೆ ಒಣಗಿದ ಜಾಗದಲ್ಲಿ ಪೆಟ್ಟಿಗೆ ಇಡಿ. ಮೊಬೈಲಿನಲ್ಲಿ ಎರಡೂ ಬದಿಯ ಫೋಟೋ ತೆಗೆಯಿರಿ. ಲಕೋಟೆಯನ್ನು ಬಿಡಬೇಡಿ, ಮುದ್ರೆ, ನಂಬರು, ತಾರೀಖು ಎಲ್ಲ ಅದರ ಮೇಲೇ ಇರುವುದು.

ಎಲ್ಲಕ್ಕಿಂತ ತುರ್ತಾದದ್ದು, ಕಾಗದದಲ್ಲಿ ಬರುವ ಹೆಸರುಗಳು ಯಾರವೆಂದು ಬಲ್ಲ ಹಿರಿಯರನ್ನು ಕೂರಿಸಿಕೊಂಡು ಕೇಳುವುದು. ‘ಸಣ್ಣಪ್ಪನಿಗೆ ಹೇಳಿ’ ಎಂದಿದ್ದರೆ ಆ ಸಣ್ಣಪ್ಪ ಯಾರೆಂದು ಇನ್ನು ಹತ್ತು ವರ್ಷ ಕಳೆದರೆ ಹೇಳುವವರಿರುವುದಿಲ್ಲ. ಅಜ್ಜಿ ಓದಬಲ್ಲವರಾದರೆ ಅವರಿಂದಲೇ ಓದಿಸಿ ಧ್ವನಿ ಮುದ್ರಿಸಿಕೊಳ್ಳಿ. ಎಲ್ಲಿ ನಿಲ್ಲಿಸುತ್ತಾರೆ, ಯಾವ ಸಾಲನ್ನು ಓದದೆ ದಾಟಿಸುತ್ತಾರೆ ಎಂಬುದೂ ಕಾಗದದ ಭಾಗವೇ.

ಕಾಗದವೇನೂ ಸಿಗದೆ ‘ನಮ್ಮ ಮುತ್ತಜ್ಜ ಬಸ್ರಾ ಯುದ್ಧಕ್ಕೆ ಹೋಗಿ ಬರಲಿಲ್ಲ’ ಎಂಬ ಮಾತಷ್ಟೇ ಮನೆಯಲ್ಲಿ ಉಳಿದಿದ್ದರೂ ಹುಡುಕಲು ಒಂದು ದಾರಿಯಿದೆ. ಕಲ್ಲಿನ ಮೇಲೆ ಬಾರದ ಹೆಸರುಗಳು ಆಯೋಗದ ದಾಖಲೆ ಪುಸ್ತಕಗಳಲ್ಲಿ ಇದ್ದವು. ಈಗ ಅದರ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಹಲವು ಹೆಸರುಗಳ ಮುಂದೆ ತಂದೆಯ ಹೆಸರು, ಹಳ್ಳಿ, ಜಿಲ್ಲೆಯೂ ಇವೆ. ಹುಡುಕುವಾಗ ಇಂದಿನ ಕಾಗುಣಿತ ನಡೆಯದು: ಬೆಳಗಾವಿಗೆ ಬೆಲ್‌ಗಾಮ್, ಧಾರವಾಡಕ್ಕೆ ಧಾರವಾರ್, ವಿಜಯಪುರಕ್ಕೆ ಬಿಜಾಪುರ್ ಎಂದು ಅಂದಿನ ಗುಮಾಸ್ತರ ಬಾಯಲ್ಲಿ ಹೊರಳಿದಂತೆ ಕೊಡಬೇಕು. ಹಳ್ಳಿಯ ಹೆಸರುಗಳಂತೂ ಇನ್ನೂ ವಿಚಿತ್ರವಾಗಿ ಬರೆದಿರುತ್ತಾರೆ. ಗಟ್ಟಿಯಾಗಿ ಓದಿ ನೋಡಿದರೆ ಒಮ್ಮೊಮ್ಮೆ ತಟ್ಟನೆ ನಮ್ಮೂರು ಕೇಳಿಸುತ್ತದೆ. ಸಿಕ್ಕಿದ ಪಲ್ಟನ್ನಿನ ಹೆಸರನ್ನೂ ನಂಬರನ್ನೂ ಮನೆಯಲ್ಲಿರುವ ಪದಕದ ಅಂಚಿನಲ್ಲಿ ಕೆತ್ತಿರುವ ನಂಬರಿನ ಜೊತೆ ತಾಳೆ ಹಾಕಿ ನೋಡಿ.